ಕೊಟ್ಟವರು ಹೋದ ಮೇಲೆ

ಊರಿನಿಂದ ಬಂದ ರೋಗಿಯನ್ನು ಪರೇಲಿನ ಟಾಟಾ ಆಸ್ಪತ್ರೆಗೋ ಕೆಇಎಂಗೋ ಕರೆದುಕೊಂಡು ಹೋಗದ ಮುಂಬೈ ಕನ್ನಡಿಗರು ಕಡಿಮೆ. ಅಲ್ಲೇ ಹತ್ತಿರದಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. 1896ರಲ್ಲಿ ಪ್ಲೇಗಿಗೆ ಹೆದರಿ ಜನ ಮುಂಬೈ ಬಿಟ್ಟು ಓಡುತ್ತಿದ್ದಾಗ, ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮರ್ ಹಾಫ್‌ಕಿನ್ ಇಲ್ಲಿಗೆ ಬಂದ. ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅವನು ಬ್ರಿಟಿಷ್ ಸರ್ಕಾರದ ಕೆಲಸಕ್ಕೆ ಬಂದವನು; ಇಂದಿನ ಅರ್ಥದ ವಿದೇಶಿ ನೆರವು ಅದಲ್ಲ. ಆದರೂ ಆ ಸೂಜಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ಸಂಗತಿ. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆ ಅವನ ಪ್ರಯೋಗಾಲಯವಾಯಿತು. ಅವನು ದೇಶ ಬಿಟ್ಟ ಮೇಲೂ ಅದು ನಡೆಯಿತು, 1925ರಲ್ಲಿ ಅವನ ಹೆಸರನ್ನೇ ಪಡೆಯಿತು.

2004ರ ಸುನಾಮಿಯಿಂದ ಈಚೆಗೆ ಹೊರದೇಶಗಳ ನೆರವು ಹೆಚ್ಚುಕಡಿಮೆ ಬೇಡವೆಂದೇ ಇದ್ದ ನಾವು 2021ರ ಏಪ್ರಿಲಿನಲ್ಲಿ ಕೈಯೊಡ್ಡಿದೆವು. ನಾಚಿಕೆಗೇಡು ಎಂದವರಿದ್ದರು. ಮೇ 5ರಂದು ಐಎನ್‌ಎಸ್ ತಲ್ವಾರ್ ಬಹರೈನಿನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ಮಂಗಳೂರಿನ ಬಂದರಿಗೆ ಬಂತು. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಇಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮಗೆ ಮಾನಾಪಮಾನದ ಯೋಚನೆಯೇ ಬರಲಿಲ್ಲ. ಉಸಿರು ಬೇಕಾದವನು ಕೊಡುವವನ ಪಾಸ್‌ಪೋರ್ಟ್ ಕೇಳುತ್ತಾನೆಯೇ?

ತೆಗೆದುಕೊಂಡದ್ದು ತಪ್ಪಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತೊಡಕಿರುವುದು ಮುಂದೆ. ನಮ್ಮ ಉಪನಗರದ ಒಂದು ದವಾಖಾನೆಯಲ್ಲಿ ಆಗ ದಾನವಾಗಿ ಬಂದ ಆಮ್ಲಜನಕದ ಯಂತ್ರವೊಂದು ಹಳೇ ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿದೆ. ಕೇಳಿದರೆ ನರ್ಸ್ ಬಾಯಿ ನಕ್ಕರು: “ಇದರ ಫಿಲ್ಟರ್ ಬದಲಿಸೋರು ಯಾರು ದಾದಾ? ನನ್ನದೇ ಕಾಂಟ್ರ್ಯಾಕ್ಟ್ ಮಾರ್ಚಿಗೆ ಮುಗೀತದೆ.”

ಕೊಡುವವರು ಯಂತ್ರ ಕೊಡುತ್ತಾರೆ, ಅದನ್ನು ಎಣಿಸಬಹುದು, ಫೋಟೊ ತೆಗೆಯಬಹುದು. ಸಂಬಳ ಹಾಗಲ್ಲ, ಪ್ರತಿ ತಿಂಗಳೂ ಬೇಕು. ಅದನ್ನೂ ಹೊರಗಿನವರೇ ಕೊಡಲಿ ಎನ್ನಲು ನನಗೆ ಮನಸ್ಸಿಲ್ಲ. ಸಂಬಳ ಕೊಡುವವರ ಮಾತೇ ಆಸ್ಪತ್ರೆಯಲ್ಲಿ ನಡೆಯುತ್ತದೆ. ಹಾಗಾದರೆ ಆ ನರ್ಸ್ ಬಾಯಿಯ ಏಪ್ರಿಲ್ ತಿಂಗಳು ಯಾರ ಲೆಕ್ಕ? ಬಹರೈನಿನದಂತೂ ಅಲ್ಲ. ತೆರಿಗೆ ಕಟ್ಟುವ, ಓಟು ಹಾಕುವ, ಜ್ವರ ಬಂದರೆ ಮಾತ್ರ ಖಾಸಗಿ ಆಸ್ಪತ್ರೆಗೆ ಓಡುವ ನಮ್ಮದು.

ಬರೆಯುತ್ತಾ ಇನ್ನೊಂದು ನೆನಪಾಯಿತು. ಊರಿಗೆ ನಾನೂ ಒಂಥರಾ ಹೊರದೇಶವೇ. ಕೊರೋನಾ ಕಳೆದ ವರ್ಷ ಅಮ್ಮನಿಗೆ ಬಿಪಿ ನೋಡುವ ಯಂತ್ರ ಕಳಿಸಿದ್ದೆ. ಮೊನ್ನೆ ಫೋನಿನಲ್ಲಿ ವಿಚಾರಿಸಿದೆ. “ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೀನಪ್ಪ,” ಅಂದಳು, “ಪಟ್ಟಿ ಕಟ್ಟಿ ನೋಡೋಕೆ ಮನೇಲಿ ಯಾರಿದ್ದಾರೆ?”