ನಿಕಾಲಿ ಕುಸ್ತಿ

ನಿಮ್ಮ ಟೀಮಿನಲ್ಲಿ ‘ರಾಕಿ’ ಸಿನಿಮಾ ನೋಡಿದವರು ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ: ಕೊನೆಗೆ ರಾಕಿ ಗೆಲ್ಲುತ್ತಾನೋ, ಸೋಲುತ್ತಾನೋ? ನಾನು ಕೇಳಿದವರಲ್ಲಿ ಹೆಚ್ಚಿನವರು ಯೋಚನೆಯನ್ನೇ ಮಾಡದೆ ‘ಗೆಲ್ತಾನೆ’ ಅಂದಿದ್ದಾರೆ. ನನಗೂ ಹಾಗೇ ನೆನಪಿತ್ತು. ಹುಬ್ಬಳ್ಳಿಯಲ್ಲಿ ಬಿಇ ಓದುವಾಗ ಹಾಸ್ಟೆಲಿನ ಒಂದೇ ರೂಮಿನಲ್ಲಿ ಹನ್ನೊಂದು ಜನ ಕೂತು, ಯಾರದೋ ಹಾರ್ಡ್ ಡಿಸ್ಕಿನಿಂದ ಅದನ್ನು ನೋಡಿದ್ದೆವು. ಮರುದಿನ ಮೆಸ್ಸಿನಲ್ಲಿ ಕುಂದಗೋಳದ ಗೆಳೆಯನೊಬ್ಬ ‘ಸೋತನಲೇ ಅಂವ’ ಅಂದಾಗ ದೊಡ್ಡ ವಾದವೇ ನಡೆಯಿತು. ಗಿರ್ಮಿಟ್ ಮಿರ್ಚಿ ಪಂದ್ಯ ಕಟ್ಟಿ ರಾತ್ರಿ ಕೊನೆಯ ಹತ್ತು ನಿಮಿಷ ಮತ್ತೆ ಹಾಕಿದೆವು. ಸೋತಿದ್ದ. ಹದಿನೈದು ಸುತ್ತು ಮುಗಿದ ಮೇಲೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಚಾಂಪಿಯನ್ ಅಪೊಲೊ ಕ್ರೀಡ್‌ನ ಕಡೆ. ಆದರೆ ಮೈಕಿನಲ್ಲಿ ಆ ತೀರ್ಪು ಓದುವ ಹೊತ್ತಿಗೆ ರಾಕಿ ಬಾತುಹೋದ ಕಣ್ಣಿನಲ್ಲಿ ಏಡ್ರಿಯನ್‌ಳನ್ನು ಹುಡುಕುತ್ತಾ ಕೂಗುತ್ತಿರುತ್ತಾನೆ, ನಮ್ಮ ಕಿವಿಗೂ ಅದೇ ಕೇಳುತ್ತದೆ. ಗಿರ್ಮಿಟ್ ದುಡ್ಡು ನಾನೇ ಕೊಟ್ಟೆ.

1976ರ ಸಿನಿಮಾ ಅದು. ಖರ್ಚು ಸುಮಾರು 10 ಲಕ್ಷ ಡಾಲರ್, ಶೂಟಿಂಗ್ 28 ದಿನ. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಹಣ. ಆ ಬಡತನ ತೆರೆಯ ಮೇಲೂ ಕಾಣುತ್ತದೆ. ರಾಕಿ ಮತ್ತು ಏಡ್ರಿಯನ್ ಮೊದಲ ಸಲ ಹೊರಗೆ ಹೋಗುವ ಐಸ್ ಸ್ಕೇಟಿಂಗ್ ದೃಶ್ಯಕ್ಕೆ ನೂರಾರು ಜನರನ್ನು ಕರೆಸಲು ದುಡ್ಡಿರಲಿಲ್ಲ. ಹಾಗಾಗಿ ಆವತ್ತು ಬಾಗಿಲು ಹಾಕಿದೆ, ಕಾವಲಿನವನಿಗೆ ಹತ್ತು ಡಾಲರ್ ಕೊಟ್ಟು ಹತ್ತು ನಿಮಿಷ ಒಳಗೆ ಹೋಗುತ್ತಾರೆ ಅಂತ ಬರೆದುಬಿಟ್ಟರು. ಹೊಲಿಸಿದ ನಿಲುವಂಗಿ ದೊಗಳೆಯಾಗಿತ್ತು. ಹೊಸದು ಹೊಲಿಸುವ ಬದಲು ‘ಇದು ದೊಗಳೆ ಆಯ್ತಲ್ಲ’ ಅನ್ನುವ ಅರ್ಥದ ಮಾತನ್ನು ರಾಕಿಯ ಬಾಯಿಗೇ ಹಾಕಿದರು. ನಮ್ಮ ಭಾಷೆಯಲ್ಲಿ ಬಗ್ ಅನ್ನು ಫೀಚರ್ ಮಾಡಿದರು! ಕಥೆ ಬರೆದ ಸಿಲ್ವೆಸ್ಟರ್ ಸ್ಟಲೋನ್ ಆಗ ಹೆಸರಿಲ್ಲದ ನಟ. ಸ್ಕ್ರಿಪ್ಟ್ ಬೇಕೆಂದು ಬಂದವರಿಗೆ ತಾನೇ ನಾಯಕನಾಗುವುದಾದರೆ ಮಾತ್ರ ಕೊಡುತ್ತೇನೆ ಅಂತ ಹಟ ಹಿಡಿದ. ಮರುವರ್ಷ ‘ಟ್ಯಾಕ್ಸಿ ಡ್ರೈವರ್’, ‘ನೆಟ್‌ವರ್ಕ್’ಗಳನ್ನು ಹಿಂದೆ ಹಾಕಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದದ್ದು ಈ ಸಿನಿಮಾ.

ನನಗೆ ಅದರಲ್ಲಿ ಹೆಚ್ಚು ಇಷ್ಟ ಹೊಡೆದಾಟದ ಹಿಂದಿನ ರಾತ್ರಿ. ರಾಕಿ ಖಾಲಿ ಅರೀನಾಕ್ಕೆ ಹೋಗುತ್ತಾನೆ. ಅವನ ದೊಡ್ಡ ಚಿತ್ರದಲ್ಲಿ ಚಡ್ಡಿಯ ಬಣ್ಣ ತಪ್ಪಾಗಿದೆ. ಹೇಳಿದರೆ, ಅದೇನು ದೊಡ್ಡ ವಿಷಯವಲ್ಲ ಬಿಡು ಅನ್ನುತ್ತಾನೆ ಪ್ರೊಮೋಟರ್. ರಾಕಿ ಮನೆಗೆ ಬಂದು ಏಡ್ರಿಯನ್‌ಗೆ ಹೇಳುತ್ತಾನೆ, ನಾನು ಗೆಲ್ಲುವುದಿಲ್ಲ ಅಂತ. ಕೊನೆಯ ಗಂಟೆ ಹೊಡೆದಾಗ ಕಾಲ ಮೇಲೆ ನಿಂತಿದ್ದರೆ ಸಾಕು ಅವನಿಗೆ, ಯಾಕೆಂದರೆ ಕ್ರೀಡ್‌ನ ಎದುರು ಯಾರೂ ಅಷ್ಟು ಹೊತ್ತು ನಿಂತಿಲ್ಲ.

ಈ ‘ನಿಂತಿದ್ದರೆ ಸಾಕು’ ಅನ್ನುವುದು ನಮ್ಮೂರಿನವರಿಗೆ ಅರ್ಥವಾಗುವುದು ಕಷ್ಟ. ನಮ್ಮದು ನವಲಗುಂದ ತಾಲೂಕಿನ ಎರೆ ನೆಲದ ಊರು. ಮಳೆ ಬಂದರೆ ಚಪ್ಪಲಿ ಕೈಯಾಗ ಹಿಡಕೊಂಡು ನಡೆಯಬೇಕು. ಆ ಮಣ್ಣು ಕುಸ್ತಿಗೆ ಬರುವುದಿಲ್ಲ. ಗರಡಿಮನೆಗೆ ಕೆಮ್ಮಣ್ಣನ್ನು ಕಲಘಟಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತರಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡುತ್ತಿದ್ದರು. ಜಾತ್ರೆಯ ಕುಸ್ತಿಯಲ್ಲಿ ಎರಡು ತರ. ಒಂದರಲ್ಲಿ ಇಷ್ಟು ಹೊತ್ತು ಅಂತ ಗೊತ್ತು ಮಾಡಿ, ಯಾರೂ ಬೀಳದಿದ್ದರೆ ಸಮ ಮಾಡಿ ಬಿಡಿಸುವುದು. ಇನ್ನೊಂದು ನಿಕಾಲಿ. ಒಬ್ಬ ಚಿತ್ ಆಗುವ ತನಕ ಬಿಡುವಂತಿಲ್ಲ, ಬೆನ್ನು ಮಣ್ಣಿಗೆ ಹತ್ತಲೇಬೇಕು. ಸಮ ಆದರೆ ಜನ ಗೊಣಗುತ್ತಾ ಏಳುತ್ತಿದ್ದರು. ನಿಕಾಲಿ ಆದರೆ ರುಮಾಲು ಮೇಲಕ್ಕೆ ಹಾರುತ್ತಿದ್ದವು.

ನಮ್ಮ ಕಾಕಾ ಒಂದು ವರ್ಷ ನಿಕಾಲಿ ಕುಸ್ತಿ ಹಿಡಿದಿದ್ದ. ಆರು ತಿಂಗಳು ನಸುಕಿನಲ್ಲಿ ಎದ್ದು ಸಾಮು ಮಾಡಿದ್ದ, ಮನೆಯ ಒಂದು ಎಮ್ಮೆಯ ಹಾಲು ಪೂರ್ತಿ ಅವನಿಗೇ. ಎದುರಿಗೆ ಬೆಳಗಾವಿ ಕಡೆಯ ಪೈಲವಾನ. ಹಲಗಿ ಬಡಿಯುವವರು ಲಯ ಹಿಡಿಯುವುದರೊಳಗೆ ಕಾಕಾ ಚಿತ್. ಎರಡು ನಿಮಿಷವೂ ಆಗಿರಲಿಲ್ಲ. ಯಾರೂ ಬೈಯಲಿಲ್ಲ. ಅದೇ ಕೆಟ್ಟದ್ದು, ಯಾರೂ ಏನೂ ಅನ್ನಲಿಲ್ಲ. ಜನ ಮುಂದಿನ ಜೋಡಿ ಯಾವುದು ಅಂತ ಆ ಕಡೆ ತಿರುಗಿದರು. ಸೋಮವಾರ ಸಾಲೆಯಲ್ಲಿ ‘ಅಂವ ನಿಮ್ಮ ಕಾಕಾನ ಹೌದಿಲ್ಲೋ’ ಅಂತ ಒಬ್ಬ ಕೇಳಿದಾಗ ‘ದೂರದ ಸಂಬಂಧ’ ಅಂದಿದ್ದೆ. ನನಗೆ ಒಂಬತ್ತು ವರ್ಷ. ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಕಾಕಾಗೆ ರಾಕಿಯ ಕೊನೆಯ ಕುಸ್ತಿ (ಬಾಕ್ಸಿಂಗ್ ಅಂದರೆ ಅವನು ಒಪ್ಪುವುದಿಲ್ಲ) ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ. ‘ನಿಕಾಲಿ ಆತೇನು?’ ಅಂದ. ಇಲ್ಲ ಕಾಕಾ, ಪಾಯಿಂಟ್ ಮ್ಯಾಲ ಸೋತ, ಆದ್ರ ಕಡೀತನಕಾ ನಿಂತ ಅಂದೆ. ಫೋನ್ ವಾಪಸ್ ಕೊಡುತ್ತಾ ಕೇಳಿದ, ‘ಎರಡನೇ ಸುತ್ತಿನ್ಯಾಗ ಬಿದ್ದಿದ್ರ ಇವನ ಮ್ಯಾಲ ಪಿಕ್ಚರ್ ತಗೀತಿದ್ರೇನು?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋತವನನ್ನೂ ಪ್ರೀತಿಸುವ ಸಿನಿಮಾ ಅಂತ ನಾನು ಇಷ್ಟು ವರ್ಷ ರಾಕಿಯನ್ನು ಹೊಗಳುತ್ತಿದ್ದೆ. ಆದರೆ ನಮ್ಮ ಪ್ರೀತಿ ಪಡೆಯಲು ಆ ಸೋತವನು ಹದಿನೈದು ಸುತ್ತು ನಿಲ್ಲಬೇಕು. ಅವನು ನಿಜಕ್ಕೂ ದುರ್ಬಲನಲ್ಲ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬಲಶಾಲಿ. ನಾವು ಚಪ್ಪಾಳೆ ತಟ್ಟುವುದು ‘ನೋಡಿ, ಲೆಕ್ಕ ತಪ್ಪಿತ್ತು’ ಅನ್ನುವುದಕ್ಕೆ. ಲೆಕ್ಕ ಸರಿಯಾಗಿಯೇ ಇದ್ದರೆ? ಎರಡನೇ ನಿಮಿಷದಲ್ಲೇ ಚಿತ್ ಆದವನಿಗೆ? ಅಂಥವನಿಗೆ ಏನು ಕೊಡಬೇಕು ಅನ್ನುವುದು ಯಾವ ಸಿನಿಮಾದಲ್ಲೂ ಇಲ್ಲ. ಆ ಒಂದು ಸೋಲೂ ಜನಕ್ಕೆ ಸಹಿಸಲಿಲ್ಲವೋ ಏನೋ, 1979ರಲ್ಲಿ ‘ರಾಕಿ 2’ ಬಂತು, ಅದರಲ್ಲಿ ಅವನು ಗೆಲ್ಲುತ್ತಾನೆ. ನಿಕಾಲಿ ಆಯಿತು. ನಮ್ಮ ಸುದೀಪರ ‘ಪೈಲ್ವಾನ್’ (2019) ನೋಡುವಾಗಲೂ ಥಿಯೇಟರಿನಲ್ಲಿ ಕೂತ ನಮಗೆ ಬೇಕಾಗಿದ್ದು ಅದೇ ತಾನೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಬೇರೆ. ಮೊನ್ನೆ ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಒಂದು ಇಂಟರ್‌ವ್ಯೂ ಇತ್ತು. ವಿಡಿಯೋ ಕಾಲ್. ಹುಡುಗ ಅಣ್ಣಿಗೇರಿ ಕಡೆಯವನು, ರೆಸ್ಯೂಮೆ ನೋಡಿದಾಗಲೇ ಗೊತ್ತಾಗಿತ್ತು. ಒಂದು ಡೇಟಾಬೇಸ್ ಪ್ರಶ್ನೆ ಕೇಳಿದೆ. ಅವನಿಗೆ ಉತ್ತರ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಶುರು ಮಾಡಿದ, ಎರಡನೇ ವಾಕ್ಯಕ್ಕೆ ತಡವರಿಸಿದ, ಸಾರಿ ಸರ್ ಅಂದ, ಮತ್ತೆ ಮೊದಲಿನಿಂದ ಶುರು ಮಾಡಿದ. ‘ಕನ್ನಡದಾಗ ಹೇಳೋ ತಮ್ಮಾ’ ಅನ್ನಲು ನನಗೆ ಎರಡು ಸೆಕೆಂಡ್ ಸಾಕಿತ್ತು. ಜೊತೆಗೆ ಬೇರೆ ರಾಜ್ಯದ ಸಹೋದ್ಯೋಗಿ ಇದ್ದರು, ನನಗೆ ಮುಜುಗರ ಅನ್ನಿಸಿತು. ನಲವತ್ತೈದು ನಿಮಿಷದ್ದು, ಇಪ್ಪತ್ತಕ್ಕೇ ಮುಗಿಸಿದೆ. ಫಾರ್ಮಿನಲ್ಲಿ ‘ಕಮ್ಯುನಿಕೇಶನ್’ ಎದುರು ಐದಕ್ಕೆ ಎರಡು ಹಾಕಿದೆ. ರಾತ್ರಿ ಊಟವಾದ ಮೇಲೆ ಹೆಂಡತಿಯ ಜೊತೆ ಮತ್ತೆ ರಾಕಿ ನೋಡಿದೆ. ಆ ತಪ್ಪು ಬಣ್ಣದ ಚಡ್ಡಿಯ ದೃಶ್ಯ ಬಂದಾಗ ಎಂದಿನಂತೆ ಕಣ್ಣು ತುಂಬಿತು. ‘ಇವತ್ತು ನಿಮ್ಮ ಕಡೆ ಹುಡುಗ ಒಬ್ಬ ಇದ್ನಲ್ಲ, ಏನಾಯ್ತು?’ ಅಂತ ಅವಳು ಕೇಳಿದಳು. ‘ಆಗಲಿಲ್ಲ’ ಅಂದೆ, ಕಣ್ಣು ಒರೆಸಿಕೊಳ್ಳುತ್ತಾ.

ಪ್ಲುಟಾರ್ಕ್ ಹೇಳುವ ಒಂದು ಹಳೆಯ ಗ್ರೀಕ್ ಕಥೆ ಇದೆ. ಫೆರೈ ಎಂಬ ಊರಿನ ಅಲೆಗ್ಸಾಂಡರ್ (ದಂಡೆತ್ತಿ ಬಂದವನಲ್ಲ, ಬೇರೆಯವನು) ಕ್ರೂರ ದೊರೆ. ನಾಟಕ ನೋಡುತ್ತಾ ಕೂತವನು ನಡುವೆಯೇ ಎದ್ದು ಹೋದ. ತಾನು ಕೊಲ್ಲಿಸಿದ ಒಬ್ಬರಿಗೂ ಮರುಗದವನು ನಾಟಕದ ಹೆಕ್ಯುಬಾಳಿಗಾಗಿ ಅಳುವುದನ್ನು ಜನ ನೋಡಿಬಿಟ್ಟರೆ ನಾಚಿಕೆ ಅಂತ. ಈ ಕಥೆಯನ್ನು ರೂಸೋ 1758ರಲ್ಲಿ ನಾಟಕಶಾಲೆಗಳ ವಿರುದ್ಧ ಬರೆಯುವಾಗ ಬಳಸಿಕೊಂಡ. ಅವನ ವಾದ ಇಷ್ಟು: ಕಟ್ಟುಕಥೆಗೆ ಕಣ್ಣೀರು ಹಾಕಿದಾಗ ಮನುಷ್ಯನಾಗಿ ಕೊಡಬೇಕಾದ್ದನ್ನು ಕೊಟ್ಟು ಮುಗಿಸಿದೆವು ಅನ್ನಿಸುತ್ತದೆ, ಜೇಬಿನಿಂದ ಏನೂ ಹೋಗುವುದಿಲ್ಲ. ಎದುರಿಗಿರುವ ನಿಜವಾದ ದುಃಖಿಯಾದರೆ ಸಮಯ, ದುಡ್ಡು, ತ್ರಾಸು ಎಲ್ಲ ಕೇಳುತ್ತಾನೆ.

ಓದಿದಾಗ ಕೆನ್ನೆಗೆ ಹೊಡೆದಂತಾಯಿತು. ಆದರೂ ರೂಸೋನನ್ನು ಪೂರ್ತಿ ಒಪ್ಪಲು ಮನಸ್ಸಿಲ್ಲ. ನನ್ನ ಕಣ್ಣೀರು ಸುಳ್ಳಾಗಿರಲಿಲ್ಲ. ರಾಕಿಯ ಮುಂಜಾನೆ ನಾನು ನೋಡಿದ್ದೇನೆ, ಕತ್ತಲಲ್ಲಿ ಎದ್ದು ಐದು ಹಸಿ ಮೊಟ್ಟೆ ಒಡೆದು ಗ್ಲಾಸಿನಿಂದ ಕುಡಿಯುವುದನ್ನು, ಸಾಕಿದ ಆಮೆಗಳ ಜೊತೆ ಮಾತಾಡುವುದನ್ನು. ಎರಡು ತಾಸು ಅವನ ಮನೆಯಲ್ಲಿ ಇದ್ದು ಬಂದಿದ್ದೇನೆ. ಅಣ್ಣಿಗೇರಿಯ ಹುಡುಗ ನನಗೆ ಇಪ್ಪತ್ತು ನಿಮಿಷದ ಒಂದು ಚೌಕಟ್ಟು. ಹಿಂದೆ ಸುಣ್ಣ ಬಳಿದ ಗೋಡೆ, ಒಂದು ಕ್ಯಾಲೆಂಡರ್. ಅವನ ಮುಂಜಾನೆ ಗೊತ್ತಿಲ್ಲ. ಹಾಗಾದರೆ ಕ್ಯಾಮೆರಾ ಯಾರ ಕಡೆ ತಿರುಗುತ್ತದೋ ಅವರಿಗಷ್ಟೇ ನನ್ನ ಕರುಣೆಯೇ? ಕ್ಯಾಮೆರಾ ತಿರುಗಿಸುವವರು ಯಾರು?

ರಾಕಿಯಲ್ಲೇ ನೋಡಿ. ಸ್ಟಲೋನ್‌ಗೆ ಕಥೆ ಹೊಳೆದದ್ದು ಒಂದು ನಿಜವಾದ ಪಂದ್ಯ ನೋಡಿ. 1975ರ ಮಾರ್ಚ್ 24ರಂದು ಚಕ್ ವೆಪ್ನರ್ ಎಂಬ, ಹಗಲು ಮದ್ಯ ಮಾರಾಟದ ಕೆಲಸ ಮಾಡುತ್ತಿದ್ದ 36 ವರ್ಷದ ಬಾಕ್ಸರ್ ಮಹಮ್ಮದ್ ಅಲಿಯ ಎದುರು ಹದಿನೈದನೇ ಸುತ್ತಿನ ತನಕ ನಿಂತ, ಕೊನೆಗೆ 19 ಸೆಕೆಂಡ್ ಉಳಿದಿರುವಾಗ ರೆಫ್ರಿ ಪಂದ್ಯ ನಿಲ್ಲಿಸಿದ. ಸಿನಿಮಾ ಕೋಟಿಗಟ್ಟಲೆ ಗಳಿಸಿತು. ವೆಪ್ನರ್ 2003ರಲ್ಲಿ ಸ್ಟಲೋನ್ ಮೇಲೆ ಕೇಸು ಹಾಕಬೇಕಾಯಿತು, 2006ರಲ್ಲಿ ರಾಜಿಯಾಯಿತು. ಇನ್ನು ಆ ಕಡೆಯ ಅಲಿ. ‘ರಾಕಿ 2’ ನೋಡಿದ ಮೇಲೆ ವಿಮರ್ಶಕ ರೋಜರ್ ಈಬರ್ಟ್‌ಗೆ ಅಲಿ ಹೇಳಿದ್ದರ ಅರ್ಥ: ರಿಂಗಿನಲ್ಲಿ ನನ್ನನ್ನು ಎದುರಿಸಲಾಗದೆ ಇವರು ತೆರೆಯ ಮೇಲೆ ಒಬ್ಬ ಬಿಳಿಯನನ್ನು ಕಟ್ಟಿಕೊಂಡರು. ನಾವು ಕೂಗಿ ಬೆಂಬಲಿಸುವ ‘ಬಡಪಾಯಿ’ ಬಿಳಿಯ, ನಾವು ಬೀಳಲಿ ಅನ್ನುವ ‘ಸೊಕ್ಕಿನ’ ಚಾಂಪಿಯನ್ ಕರಿಯ. ಹಾಸ್ಟೆಲಿನ ಹನ್ನೊಂದು ಜನರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ.

ಕ್ಯಾಮೆರಾ ಬೇರೆ ಕಡೆ ತಿರುಗಿಸಿದ ಒಬ್ಬ ನಮ್ಮ ಸೀಮೆಯ ನಂಟಿನವನೇ. ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಅಣ್ಣಿಗೇರಿಯದು ಅಂತ ಅವನ ತಮ್ಮ ಜಿನವಲ್ಲಭ ಹಾಕಿಸಿದ ಗಂಗಾಧರದ ಶಾಸನ ಹೇಳುತ್ತದೆ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ಹೊಗಳಬೇಕಾಗಿದ್ದದ್ದು ಅರ್ಜುನನನ್ನು, ಅವನೊಳಗೆ ತನ್ನ ದೊರೆ ಅರಿಕೇಸರಿಯನ್ನು. ಹೊಗಳಿದ ಕೂಡ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ಕರ್ಣ. ಅಖಾಡಕ್ಕೆ ಇಳಿದವನ ಬಿಲ್ವಿದ್ಯೆ ನೋಡಬೇಕಾದ ಹೊತ್ತಿನಲ್ಲಿ ಅವನ ಕುಲ ಕೇಳುತ್ತಾರೆ. ಸಾವಿರ ವರ್ಷದಿಂದ ನಾವು ಅಲ್ಲಿ ಕರ್ಣನ ಪರ, ಪುಸ್ತಕ ಮುಚ್ಚಿಟ್ಟು ಬಾಡಿಗೆಗೆ ಬಂದವರಿಗೆ ‘ನೀವು ಯಾವ ಪೈಕಿ’ ಅಂತಲೂ ಕೇಳುತ್ತೇವೆ.

ಪಿಯುಸಿಯಲ್ಲಿ ಕರ್ಣನ ಪ್ರಸಂಗ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಗಂಟಲು ಕಟ್ಟುತ್ತಿತ್ತು, ಹಿಂದಿನ ಬೆಂಚಿನಲ್ಲಿದ್ದ ನಮಗೂ. ಆಗ ನಾನು ಕರ್ಣ ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ, ಮೀಟಿಂಗಿನಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದಾಗ, ನಾನೇ ರಾಕಿ. ಕುಲ ಕೇಳುವ ಕುರ್ಚಿಗೆ ಯಾವಾಗ ಬಂದು ಕೂತೆ ಅಂತ ನೆನಪಿಲ್ಲ. ಡೇಟಾಬೇಸ್ ಪ್ರಶ್ನೆ ಕೇಳಿ ಇಂಗ್ಲಿಷಿಗೆ ಮಾರ್ಕ್ಸ್ ಹಾಕಿದ್ದು ಮಾತ್ರ ನೆನಪಿದೆ.

ಆ ಹುಡುಗ ಲಿಂಕ್ಡ್‌ಇನ್‌ನಲ್ಲಿ ನನ್ನನ್ನು ಹುಡುಕಿ ಮೆಸೇಜ್ ಹಾಕಿದ. ಪ್ರೊಫೈಲಿನಲ್ಲಿ ನನ್ನ ಊರು ನೋಡಿರಬೇಕು, ಕನ್ನಡದಲ್ಲೇ ಬರೆದಿದ್ದ. ‘ಸರ್, ಯಾವ ಪ್ರಶ್ನೆ ತಪ್ಪಾತು ಹೇಳಿದ್ರ ಅದನ್ನ ಓದಿಕೊಂತೀನಿ.’

ನನ್ನ ನೋಟ್ಸ್ ತೆಗೆದು ನೋಡಿದೆ. ತಪ್ಪಾದ ಪ್ರಶ್ನೆ ಯಾವುದೂ ಬರೆದಿರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ರಾಕಿ ಯಾವ ಸುತ್ತಿನಲ್ಲಿ ಬಿದ್ದ, ಯಾವಾಗ ಎದ್ದ ಅಂತ ಬೇಕಾದರೆ ಹೇಳುತ್ತಿದ್ದೆ. ಎರಡು ದಿನ ಟೈಪ್ ಮಾಡಿ ಅಳಿಸಿದೆ. ಕೊನೆಗೆ, ‘ಪ್ರಶ್ನೆ ಯಾವುದೂ ತಪ್ಪಿರಲಿಲ್ಲ, ನಾನೇ ಅರ್ಧಕ್ಕೆ ನಿಲ್ಲಿಸಿದೆ. ರವಿವಾರ ಬಿಡುವು ಇದ್ದರೆ ಫೋನ್ ಮಾಡು, ಆವತ್ತಿನ ಪ್ರಶ್ನೆಯಿಂದಲೇ ಮತ್ತೆ ಮಾತಾಡೋಣ’ ಅಂತ ಬರೆದು ನನ್ನ ನಂಬರ್ ಹಾಕಿದೆ. ಇವತ್ತು ಬುಧವಾರ. ಅವನು ಓದಿದ್ದಾನೆ, ಉತ್ತರ ಬಂದಿಲ್ಲ.