ತೇರಿನ ಹಲಗೆ ಮತ್ತು ಟೀಪಾಯಿ

ಮಿಡಿಗೇಶಿ, ಮಧುಗಿರಿ ಸೀಮೆಯ ಜಾತ್ರೆಗಳಲ್ಲಿ ಎಳೆಯುವ ಮರದ ತೇರು ಶಿಲ್ಪವೂ ಹೌದು, ಉತ್ಸವಮೂರ್ತಿ ಕೂರುವ ಪೀಠವೂ ಹೌದು. ತೇರಿನ ಬುಡಭಾಗವಾದ ಗಡ್ಡೆಯ ಹಲಗೆಗಳಲ್ಲಿ ದೇವತೆ, ಯಾಳಿ, ಮಿಥುನಗಳನ್ನು ಕೆತ್ತುವ ಆಚಾರಿಗೆ ಮೇಲೆ ಬೀಳುವ ಭಾರದ ಲೆಕ್ಕವೂ ಗೊತ್ತಿರಬೇಕು. ಮಾನಸಾರ ಎಂಬ ಶಿಲ್ಪಶಾಸ್ತ್ರ ಗ್ರಂಥ ರಥ, ಮಂಚ, ಸಿಂಹಾಸನಗಳನ್ನು ಒಂದರ ಹಿಂದೊಂದು ಅಧ್ಯಾಯಗಳಲ್ಲಿ (43, 44, 45) ವಿವರಿಸುತ್ತದೆ. ಕೂರುವ ವಸ್ತುವಿಗೂ ನೋಡುವ ವಸ್ತುವಿಗೂ ಅಲ್ಲಿ ಶಾಸ್ತ್ರ ಒಂದೇ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಬೇರೆ ದಾರಿ ಹಿಡಿದ. ಉದ್ದೇಶದ ಹಂಗಿಲ್ಲದ ಚೆಲುವೇ ಅವನಿಗೆ ಶುದ್ಧ. ಚರ್ಚು, ಅರಮನೆಗಳ ಚೆಲುವು ಬಳಕೆಗೆ ಅಂಟಿಕೊಂಡದ್ದು. ಶಿಲ್ಪಕ್ಕೂ ಪೀಠೋಪಕರಣಕ್ಕೂ ನಡುವಿನ ಗೋಡೆ ಕೆಡವಿದ ಇಪ್ಪತ್ತನೆಯ ಶತಮಾನದ ವಿನ್ಯಾಸಕಾರರು ಈ ವಿಂಗಡಣೆಯ ವಿರುದ್ಧವೇ ದುಡಿದರು. ಅವರಲ್ಲೊಬ್ಬರಾದ ಜಾರ್ಜ್ ನಕಾಶಿಮಾ 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿದ್ದವರು. ಮರದ ಬಿರುಕು, ಗಂಟುಗಳನ್ನು ಮುಚ್ಚದೆ ಮೇಜು ಮಾಡುವುದು ಅವರಿಗೆ ಸಾಧನೆಯ ಭಾಗವಾಗಿತ್ತು.

ತೇರಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಹಳೆಯ ತೇರುಗಳ ಕೆತ್ತನೆ ಹಲಗೆಗಳು ನಗರದ ಪುರಾತನ ವಸ್ತುಗಳ ಅಂಗಡಿ ಸೇರಿ, ಮೇಲೊಂದು ಗಾಜು ಹೊತ್ತು ಟೀಪಾಯಿಗಳಾಗುವುದುಂಟು. ದೇವರ ಪೀಠವಾಗಿದ್ದದ್ದು ಕಾಫಿ ಲೋಟಕ್ಕೆ ಆಸರೆಯಾದರೆ ಏನು ಉಳಿಯಿತು, ಏನು ಹೋಯಿತು? ಜೈನಾಚಾರ್ಯ ಸಮಂತಭದ್ರ ಆಪ್ತಮೀಮಾಂಸೆಯಲ್ಲಿ ಇಂಥದೇ ಒಂದು ಉದಾಹರಣೆ ಕೊಡುತ್ತಾನೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಮಾತ್ರ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿವೆ ಎಂಬುದು ಅವನ ವಾದ. ಮರ, ಕೆತ್ತನೆ, ಟೀಪಾಯಿಗಳ ಲೆಕ್ಕ ಇದರಿಂದ ಸರಿಹೋಗುತ್ತದೆ. ಆದರೆ ಭಕ್ತ ಈ ಮೂವರಲ್ಲಿ ಯಾರೂ ಅಲ್ಲ: ಅವನಿಗೆ ಬೇಕಾದದ್ದು ಮರವಲ್ಲ, ಆಕಾರವೂ ಅಲ್ಲ, ಅಲ್ಲಿ ಕೂತಿದ್ದವನು.

ಹಾಗೆಂದು ಪಾವಿತ್ರ್ಯ ಕೂತವನದು ಮಾತ್ರ ಎನ್ನಲೂ ಆಗದು. ಮೂರ್ತಿ ಇಳಿದ ಮೇಲೆ ವರ್ಷದ ಉಳಿದ ದಿನ ತೇರು ಖಾಲಿ ನಿಂತಿದ್ದರೂ ಚಪ್ಪಲಿ ಕಾಲಲ್ಲಿ ಅದನ್ನು ಹತ್ತಲು ಊರವರು ಒಪ್ಪುವುದಿಲ್ಲ. ಬಳಕೆ ನಿಂತರೂ ಅದರ ಋಣ ಮರದಲ್ಲಿ ಉಳಿಯುತ್ತದೆಂಬ ನಂಬಿಕೆ ಇದು. ಈ ಋಣ ತೀರಿಸುವ ದಾರಿಯನ್ನು ಶಾಸ್ತ್ರವೇ ಯೋಚಿಸಿದೆ, ವಿಗ್ರಹದ ಮಟ್ಟಿಗಾದರೂ. ಸವೆದ ವಿಗ್ರಹದ ಜೀರ್ಣೋದ್ಧಾರದಲ್ಲಿ ಮೊದಲು ಕಲೆಯನ್ನು, ಅಂದರೆ ಅದರಲ್ಲಿ ನೆಲೆಸಿದ ದೈವಾಂಶವನ್ನು, ಕುಂಭಕ್ಕೆ ಆಕರ್ಷಿಸಿಕೊಳ್ಳುತ್ತಾರೆ. ಆಮೇಲೆ, ಅಗ್ನಿಪುರಾಣದ ಪ್ರಕಾರ, ಮರದ್ದನ್ನು ಬೆಂಕಿಗೆ, ಕಲ್ಲಿನದನ್ನು ನೀರಿಗೆ ಒಪ್ಪಿಸಬೇಕು. ಈ ಕ್ರಮವನ್ನು ತೇರಿಗೂ ವಿಸ್ತರಿಸಿದರೆ ಸವೆದ ಹಲಗೆಗೆ ಟೀಪಾಯಿಯಾಗುವ ಅವಕಾಶವೇ ಇರುವುದಿಲ್ಲ. ವಿಸ್ತರಿಸದಿದ್ದರೆ, ಅದನ್ನು ಕೊಂಡವನು ದೇವರ ಪೀಠವನ್ನೇ ಕೊಂಡನೋ, ಬರಿಯ ಒಳ್ಳೆಯ ಕೆತ್ತನೆಯನ್ನೋ ಎಂಬುದನ್ನು ಶಾಸ್ತ್ರ ಹೇಳಲಾರದು. ತೇರು ಎಳೆದ ಊರೇ ಹೇಳಬೇಕು.