ರಸಕ್ಕೆ ಅಡ್ಡಿ ಯಾವುದು?

ಹಳೆಯ ಹಾಲಿವುಡ್ ಚಿತ್ರಗಳ ಮಾತು ಬಂತೆಂದರೆ ನಮ್ಮಲ್ಲಿ ಎರಡು ಗುಂಪು ಏಳುತ್ತವೆ. ಒಂದು ರಸಿಕರದು. ಕ್ಲಾರ್ಕ್ ಗೇಬಲ್‌ನ ಮೀಸೆ, ವಿವಿಯನ್ ಲೀ ಹುಬ್ಬೆತ್ತುವ ಠೀವಿ, ಇಂಗ್ರಿಡ್ ಬರ್ಗ್‌ಮನ್ ಮುಖದ ಮೇಲೆ ಬೀಳುವ ಮೆತ್ತನೆಯ ಬೆಳಕು, ಇಷ್ಟು ನೆನಪಾದರೆ ಸಾಕು, ಇವರ ದನಿಯೇ ಬದಲಾಗುತ್ತದೆ. "ಕಲೆಯನ್ನ ಕಲೆಯಾಗಿ ನೋಡಿ ಸ್ವಾಮಿ, ಅದರಲ್ಲೂ ಯಾಕೆ ರಾಜಕೀಯ ತರ್ತೀರಿ?" ಅನ್ನುತ್ತಾರೆ. ಇನ್ನೊಂದು ನಮ್ಮವರದೇ ಗುಂಪು. "ಅದೆಲ್ಲ ಬಿಳೀ ಧಣಿಗಳ ಕನಸಿನ ಕಾರ್ಖಾನೆ ಕಣಯ್ಯಾ, ಬಿಸಾಕು ಅತ್ಲಾಗೆ" ಅನ್ನುತ್ತಾರೆ. ಇಬ್ಬರಿಗೂ ಉತ್ತರ ಬಲು ಸಲೀಸಾಗಿ ಸಿಕ್ಕಿಬಿಟ್ಟಿದೆ. ಅದಕ್ಕೇ ನನಗೆ ಇಬ್ಬರ ಮೇಲೂ ಅನುಮಾನ.

ಪ್ರಶ್ನೆ ಇಷ್ಟೆ. ಒಂದು ಜನವನ್ನು ತುಳಿದು ಕಟ್ಟಿದ ಚೆಲುವನ್ನು, ತುಳಿದದ್ದು ಗೊತ್ತಿದ್ದೂ ಗೊತ್ತಿದ್ದೂ, ಸವಿಯಬಹುದೆ?

1939ರ 'ಗಾನ್ ವಿತ್ ದಿ ವಿಂಡ್' ಚಿತ್ರವನ್ನೇ ತೆಗೆದುಕೊಳ್ಳೋಣ. ಸುಮಾರು ನಾಲ್ಕು ಗಂಟೆಯ ಚಿತ್ರ. ನೋಡಲು ಕೂತವರನ್ನು ಎದ್ದುಹೋಗಲು ಬಿಡುವುದಿಲ್ಲ. ಅಟ್ಲಾಂಟಾದ ರೈಲು ನಿಲ್ದಾಣದ ಬಯಲಲ್ಲಿ ಗಾಯಾಳು ಸೈನಿಕರು ಸಾಲುಸಾಲಾಗಿ ಮಲಗಿದ್ದಾರೆ. ಕ್ಯಾಮೆರಾ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತದೆ. ಬಯಲು ತುಂಬ ನರಳುವ ದೇಹಗಳು. ಯುದ್ಧ ಅಂದರೇನು ಅಂತ ಹೇಳಲು ಇದಕ್ಕಿಂತ ಹೆಚ್ಚು ಮಾತು ಬೇಡ. ಇದನ್ನು ನೋಡಿ ನನಗೇನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಈ ಚಿತ್ರ ಅಳುವುದು ಯಾರಿಗಾಗಿ? ಗುಲಾಮರ ಬೆವರಲ್ಲಿ ಹತ್ತಿ ಬೆಳೆದು ಮೆರೆದ ದಕ್ಷಿಣ ಅಮೆರಿಕೆಯ, ಅಂದರೆ ಆ ದೇಶದ ತೆಂಕಣ ರಾಜ್ಯಗಳ, ಜಮೀನ್ದಾರರಿಗಾಗಿ. ಅವರ ಲೋಕ ಗಾಳಿಗೆ ತೂರಿಹೋಯಿತಲ್ಲಾ ಅಂತ. ಗುಲಾಮರು? ಅವರು ನಗುನಗುತ್ತಾ ಯಜಮಾನಿಯ ಸೊಂಟದ ಪಟ್ಟಿ ಬಿಗಿಯುತ್ತಾರೆ. ಬಿಡುಗಡೆಯಾದ ಮೇಲೂ ಅದೇ ಮನೆಯನ್ನು ತಬ್ಬಿಕೊಂಡಿರುತ್ತಾರೆ. ಧಣಿಯ ಮನೆ ಬಿದ್ದುಹೋಯಿತು ಅಂತ ಜೀತದಾಳೇ ಕಣ್ಣೀರು ಹಾಕುವ ಕಥೆ ಯಾವ ಧಣಿಗೆ ತಾನೆ ರುಚಿಸುವುದಿಲ್ಲ?

1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಇದರ ಮೊದಲ ಪ್ರದರ್ಶನ. ಊರಿಗೆ ಊರೇ ಹಬ್ಬ. ಚಿತ್ರದಲ್ಲಿ ನಟಿಸಿದ ಕಪ್ಪು ಜನರಿಗೆ ಮಾತ್ರ ಆ ಮಂದಿರದೊಳಗೆ ಜಾಗವಿಲ್ಲ. ಹಿಂದಿನ ರಾತ್ರಿ ಊರಿನ ಬಿಳಿಯ ಗಣ್ಯರ ನೃತ್ಯಕೂಟ. ಅಲ್ಲಿ ಎಬೆನೇಜರ್ ಚರ್ಚಿನ ಕಪ್ಪು ಗಾಯಕವೃಂದದಿಂದ ಗುಲಾಮರ ವೇಷ ಹಾಕಿಸಿ ಹಾಡಿಸಿದರು. ಆ ವೃಂದದಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿದ್ದ. ಹೆಸರು ಮಾರ್ಟಿನ್ ಲೂಥರ್ ಕಿಂಗ್.

ಇನ್ನೊಬ್ಬ ಹುಡುಗ ಇದೇ ಚಿತ್ರವನ್ನು ಮಿಷಿಗನ್ ರಾಜ್ಯದ ಮೇಸನ್ ಅನ್ನೋ ಊರಲ್ಲಿ ನೋಡಿದ. ಇಡೀ ಮಂದಿರಕ್ಕೆ ಕಪ್ಪು ಮನುಷ್ಯ ಅವನೊಬ್ಬನೇ. ಪ್ರಿಸ್ಸಿ ಎಂಬ ಪೆದ್ದು ಗುಲಾಮ ಹುಡುಗಿಯಾಗಿ ಬಟರ್‌ಫ್ಲೈ ಮೆಕ್ವೀನ್ ಕೀರಲು ದನಿಯಲ್ಲಿ ಅರಚತೊಡಗಿದಾಗ, ನೆಲದ ಹಾಸಿನಡಿ ತೂರಿಕೊಳ್ಳಬೇಕು ಅನ್ನಿಸಿತಂತೆ ಅವನಿಗೆ. ಅವನೇ ಮುಂದೆ ಮಾಲ್ಕಮ್ ಎಕ್ಸ್ ಆದ. 1965ರಲ್ಲಿ ಬಂದ ಆತ್ಮಕಥೆಯಲ್ಲಿ ಈ ಮಾತು ಇದೆ. ಸುತ್ತ ಕೂತವರು ನಗುತ್ತಿರುವಾಗ ಒಬ್ಬನ ಮೈ ಮಾತ್ರ ಹಿಡಿಯಾಗುವುದು ಹೇಗಿರುತ್ತೆ ಅಂತ ನಮ್ಮ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. (ಆ ಮೆಕ್ವೀನ್ ಕೂಡ ಮುಂದೆ ಕೆಲಸದವಳ ಪಾತ್ರವೇ ಬೇಡ ಅಂತ ಬಿಟ್ಟಳು. ಕಷ್ಟಪಟ್ಟು ಓದಿ 1975ರಲ್ಲಿ, ತನ್ನ 64ನೇ ವಯಸ್ಸಲ್ಲಿ, ಪದವಿ ಪಡೆದಳು.)

ಇಲ್ಲಿಗೇ ನಿಲ್ಲಿಸಿದರೆ "ಬಿಸಾಕು" ಅನ್ನುವವರೇ ಗೆದ್ದಂತೆ. ಆದರೆ ಇನ್ನೂ ಒಬ್ಬ ಹುಡುಗನಿದ್ದಾನೆ. ಹಾರ್ಲೆಮ್‌ನ ಬಡ ಕಪ್ಪು ಹುಡುಗ ಜೇಮ್ಸ್ ಬಾಲ್ಡ್‌ವಿನ್. ಉಬ್ಬುಗಣ್ಣು. ಮನೆಯಲ್ಲಿ ಅಪ್ಪನೇ ಇವನನ್ನು ಕುರೂಪಿ ಅಂತ ಜರೆಯುತ್ತಿದ್ದ. ಆ ಕಣ್ಣು ತಾಯಿಯಿಂದ ಬಂದದ್ದು, ಹಾಗಾಗಿ ಬೈಗುಳ ತಾಯಿಗೂ ತಾಗುತ್ತಿತ್ತು. ಒಂದು ದಿನ ಚಿತ್ರಮಂದಿರದಲ್ಲಿ ಬೆಟಿ ಡೇವಿಸ್‌ಳನ್ನು ನೋಡಿದ. ಬಿಳಿಯಳು, ದುಡ್ಡುಳ್ಳವಳು, ತಾರೆ. ಅವಳಿಗೂ ತನ್ನಂಥದೇ ಉಬ್ಬುಗಣ್ಣು! ಅಪ್ಪ ಹೇಳಿದ್ದೇ ಕಡೆಯ ಮಾತಲ್ಲ ಅಂತ ಆ ಹುಡುಗನಿಗೆ ಹೊಳೆದುಬಿಟ್ಟಿತು. 1976ರಲ್ಲಿ ಬಂದ 'ದಿ ಡೆವಿಲ್ ಫೈಂಡ್ಸ್ ವರ್ಕ್' ಎಂಬ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಅದೇ ಪುಸ್ತಕದಲ್ಲಿ ಹಾಲಿವುಡ್‌ನ ಸುಳ್ಳುಗಳನ್ನು ಸಿಪ್ಪೆ ಸುಲಿದಂತೆ ಸುಲಿದೂ ಇದ್ದಾನೆ. ಬೆಟಿ ಡೇವಿಸ್‌ಳನ್ನು ತೆರೆಗೆ ತಂದ ಕಂಪನಿಯವರು ಹಾರ್ಲೆಮ್‌ನ ಹುಡುಗನಿಗೆ ಧೈರ್ಯ ಕೊಡೋಣ ಅಂತ ತಂದವರಲ್ಲ. ಅವರು ಕೊಡದೇ ಇದ್ದದ್ದನ್ನು ಅವನೇ ತೆಗೆದುಕೊಂಡ.

ನಮ್ಮ ಕಾವ್ಯಮೀಮಾಂಸೆಯಲ್ಲಿ ರಸವಿಘ್ನ ಅಂತ ಒಂದು ವಿಚಾರವಿದೆ. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಹೇಳುತ್ತಾನೆ. ಅದರಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶವಾಗಿರುವುದು. ನಾಟಕಕ್ಕೆ ಬರುವಾಗ ನಿನ್ನ ದುಃಖವನ್ನು ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬಾ, ಆಗ ನೀನು ಸಹೃದಯ. ಸಾಲ ತೀರಿಸುವ ಚಿಂತೆಯಲ್ಲಿರುವವನಿಗೆ ನಾಟಕ ತಲೆಗೆ ಹೋಗದು ಅನ್ನುವ ಮಟ್ಟಿಗೆ ಈ ಮಾತು ನಿಜವೇ. ಆದರೆ ತೆರೆಯ ಮೇಲೆ ಇರುವುದೇ ನಿನ್ನ ದುಃಖವಾದರೆ? ಅದನ್ನೇ ತಮಾಷೆ ಮಾಡಿ ತೋರಿಸುತ್ತಿದ್ದರೆ? ಆಗ ಹೊರಗೆ ಬಿಟ್ಟು ಬರುವುದು ಏನನ್ನು? ತನ್ನನ್ನು ಮರೆಯುವ ಸುಖ ಸಲೀಸಾಗಿ ಸಿಗುವುದು ಅಲ್ಲಿ ಗಾಯವಿಲ್ಲದವನಿಗೆ. ಅದನ್ನೇ ಅವನು ಸಹೃದಯತೆ ಅಂತ ಕರೆದುಕೊಂಡ. ಮಾಲ್ಕಮ್‌ನ ನಾಚಿಕೆ ರಸಕ್ಕೆ ಬಂದ ಅಡ್ಡಿಯಲ್ಲ. ಆ ಮಂದಿರದಲ್ಲಿ ಚಿತ್ರವನ್ನು ಪೂರ್ತಿ ನೋಡಿದವನು ಅವನೊಬ್ಬನೇ. ಬಾಲ್ಡ್‌ವಿನ್ ತನ್ನ ದುಃಖವನ್ನು ಬಾಗಿಲಲ್ಲಿ ಬಿಟ್ಟು ಹೋಗಿದ್ದರೆ ಬೆಟಿ ಡೇವಿಸ್‌ಳ ಕಣ್ಣು ಅವನಿಗೆ ಕಾಣುತ್ತಲೇ ಇರಲಿಲ್ಲ.

ಈಗ ಅದೇ 'ಗಾನ್ ವಿತ್ ದಿ ವಿಂಡ್'ನಲ್ಲಿ ಮ್ಯಾಮಿಯಾದ ಹ್ಯಾಟಿ ಮೆಕ್‌ಡೇನಿಯಲ್‌ಳನ್ನು ನೋಡಿ. ಆಕೆಯ ಅಪ್ಪ ಅಮ್ಮ ಗುಲಾಮರಾಗಿದ್ದವರು. ಅಪ್ಪ ಗುಲಾಮಗಿರಿಯ ವಿರುದ್ಧದ ಪಡೆಯಲ್ಲಿ ಸೈನಿಕ. ಅಂಥವನ ಮಗಳು ತೆರೆಯ ಮೇಲೆ ಸುಖವಾಗಿರುವ ಗುಲಾಮಳಾಗಬೇಕಾಯಿತು. ಚಿತ್ರದ ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ. ಮನೆಯ ಮಗು ಸತ್ತಿದೆ. ಮೆಲನಿಯನ್ನು ಕರೆದುಕೊಂಡು ಮ್ಯಾಮಿ ಮೆಟ್ಟಿಲು ಹತ್ತುತ್ತಾ, ಆ ಮನೆಯಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಹೇಗೆ ಇರಿದುಕೊಳ್ಳುತ್ತಿದ್ದಾರೆ ಅಂತ ಹೇಳುತ್ತಾ ಹೋಗುತ್ತಾಳೆ. ಕ್ಯಾಮೆರಾ ಸುಮ್ಮನೆ ಅವಳ ಜೊತೆ ಮೆಟ್ಟಿಲು ಹತ್ತುತ್ತದೆ. ಆ ಹೊತ್ತಿನಲ್ಲಿ ಕೆಲಸದವಳು ಅನ್ನುವ ವೇಷ ಕಳಚಿಬಿದ್ದು, ಎಲ್ಲರಿಗಿಂತ ಹೆಚ್ಚು ಕಂಡ, ಎಲ್ಲರ ಭಾರ ಹೊತ್ತ ಒಬ್ಬ ಹೆಂಗಸು ನಿಲ್ಲುತ್ತಾಳೆ. ಇದನ್ನು ಬರೆದವರು ಕೊಟ್ಟದ್ದಲ್ಲ, ನಿರ್ಮಾಪಕ ಸೆಲ್ಜ್‌ನಿಕ್ ಕೊಟ್ಟದ್ದೂ ಅಲ್ಲ. ಅದು ಅವಳ ಸ್ವಂತ ದುಡಿಮೆ. ಚಿತ್ರವನ್ನೇ ಬಿಸಾಕಿ ಅಂದರೆ ಈ ದುಡಿಮೆಯನ್ನೂ ಬಿಸಾಕಬೇಕು. ಆ ಕಾಲದ ಹೋಟೆಲಿನವರು ಅವಳನ್ನು ಗೋಡೆಯ ಬದಿಗೆ ತಳ್ಳಿದರು, ನಾವು ಹೊರಕ್ಕೇ ಹಾಕಿದಂತಾಗುತ್ತದೆ.

ಹೋಟೆಲಿನ ಮಾತು ಸುಮ್ಮನೆ ಹೇಳಿದ್ದಲ್ಲ. 1940ರ ಫೆಬ್ರುವರಿ 29, ಲಾಸ್ ಏಂಜಲಿಸ್‌ನ ಅಂಬಾಸಡರ್ ಹೋಟೆಲು. ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು, ಕಪ್ಪು ಜನಾಂಗಕ್ಕೆ ಬಂದ ಮೊಟ್ಟಮೊದಲನೆಯದು. ಆದರೆ ಆ ಹೋಟೆಲಿನಲ್ಲಿ ಕಪ್ಪು ಜನಕ್ಕೆ ಪ್ರವೇಶವಿಲ್ಲ. ನಿರ್ಮಾಪಕರು ವಿಶೇಷವಾಗಿ ಕೇಳಿಕೊಂಡದ್ದರಿಂದ ಒಳಗೆ ಬಿಟ್ಟರು. ಜೊತೆ ನಟರ ಮೇಜಿನಲ್ಲಿ ಅಲ್ಲ, ದೂರದ ಗೋಡೆ ಪಕ್ಕದ ಪುಟ್ಟ ಮೇಜಿನಲ್ಲಿ. ಬೇರೆ ಲೋಟ ಗೊತ್ತಿರುವ ನಾಡಿನವರಿಗೆ ಬೇರೆ ಮೇಜು ಹೊಸದಲ್ಲ. ಇನ್ನೊಬ್ಬ ಕಪ್ಪು ನಟಿಗೆ ಆಸ್ಕರ್ ಸಿಗಲು 1991ರ ತನಕ, ವೂಪಿ ಗೋಲ್ಡ್‌ಬರ್ಗ್ ಬರುವ ತನಕ, ಕಾಯಬೇಕಾಯಿತು.

ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದವರಿಗೂ ಆಕೆಯ ಮೇಲೆ ಸಿಟ್ಟಿತ್ತು. ಎನ್‌ಎಎಸಿಪಿ ಸಂಘಟನೆಯ ಮುಖಂಡ ವಾಲ್ಟರ್ ವೈಟ್ ಇಂಥ ಪಾತ್ರಗಳ ವಿರುದ್ಧ ಹಾಲಿವುಡ್‌ಗೇ ಹೋಗಿ ಮಾತಾಡಿದ. ಆಕೆಯ ಉತ್ತರದ ಸಾರ ಇದು: ವಾರಕ್ಕೆ ಏಳುನೂರು ಡಾಲರಿಗೆ ಕೆಲಸದವಳಂತೆ ನಟಿಸದಿದ್ದರೆ, ಏಳು ಡಾಲರಿಗೆ ನಿಜವಾಗಿ ಕೆಲಸದವಳಾಗಿರಬೇಕಿತ್ತು. ಯಾರು ಸರಿ? ವೈಟ್‌ನ ಸಿಟ್ಟು ನ್ಯಾಯವಾದದ್ದೇ. ಆದರೆ ಬೇರೆ ಪಾತ್ರವೇ ಬರೆಯದ ಕಂಪನಿಗಳನ್ನು ಬಿಟ್ಟು, ಬರೆದದ್ದರಲ್ಲಿ ಜೀವ ತುಂಬಿದ ಹೆಂಗಸನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಒಪ್ಪುವುದಿಲ್ಲ. ಆಕೆ ಬರೀ ಹೊಟ್ಟೆಪಾಡಿನವಳೂ ಅಲ್ಲ. ಲಾಸ್ ಏಂಜಲಿಸ್‌ನ ಶುಗರ್ ಹಿಲ್ ಬಡಾವಣೆಯಲ್ಲಿ ಕಪ್ಪು ಜನಕ್ಕೆ ಮನೆ ಮಾರಕೂಡದು ಅಂತ ಕ್ರಯಪತ್ರಗಳಲ್ಲೇ ಷರತ್ತು. ಆಕೆಯನ್ನೂ ಮತ್ತಿತರರನ್ನೂ ಒಕ್ಕಲೆಬ್ಬಿಸಲು ಬಿಳಿಯ ನೆರೆಯವರು ಕೋರ್ಟಿಗೆ ಹೋದರು. ವಕೀಲ ಲೊರೆನ್ ಮಿಲ್ಲರ್ ಜೊತೆ ನಿಂತು 1945ರಲ್ಲಿ ಆಕೆಯ ಕಡೆಯವರು ಗೆದ್ದರು. ಮೂರು ವರ್ಷದ ನಂತರ, ಇಂಥ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿಮಾಡಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಬದುಕಿದ್ದಾಗ ಮನೆಗೆ ಜಗಳವಾಡಿ ಗೆದ್ದವಳು 1952ರಲ್ಲಿ ಸತ್ತಾಗ ಗುಂಡಿಗೆ ಸೋತಳು. ಬಯಸಿದ ಹಾಲಿವುಡ್ ಸ್ಮಶಾನದಲ್ಲಿ ಕಪ್ಪು ಹೆಣಕ್ಕೆ ಜಾಗ ಕೊಡಲಿಲ್ಲ.

"ಆ ಕಾಲವೇ ಹಾಗಿತ್ತು ಬಿಡಿ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರ ಕಾಲ? ಕು ಕ್ಲಕ್ಸ್ ಕ್ಲಾನ್ ಕೊಲೆಗಡುಕರನ್ನು ವೀರರನ್ನಾಗಿ ಮೆರೆಸಿದ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದ ವಿರುದ್ಧ 1915ರಲ್ಲೇ ಕಪ್ಪು ಜನ ಬೀದಿಗಿಳಿದಿದ್ದರು. 'ಗಾನ್ ವಿತ್ ದಿ ವಿಂಡ್' ತಯಾರಾಗುವಾಗಲೂ ಕಪ್ಪು ಜನರ ಪತ್ರಿಕೆಗಳು ಗಲಾಟೆ ಮಾಡಿದವು. ಕಾದಂಬರಿಯಲ್ಲಿದ್ದ ಬೈಗುಳದ ಪದ ಚಿತ್ರದಿಂದ ಹೊರಗೆ ಹೋದದ್ದು ಆ ಒತ್ತಡದಿಂದಲೇ. ಆ ಕಾಲದಲ್ಲಿ ಇವರೂ ಇದ್ದರಲ್ಲ!

ಹಾಗಂತ ಎಲ್ಲ ಚಿತ್ರಗಳೂ ಇಷ್ಟು ನೇರವಾಗಿ ಸಿಕ್ಕಿಬೀಳುವುದಿಲ್ಲ. 1942ರ 'ಕಾಸಾಬ್ಲಾಂಕಾ' ನಾನು ತುಂಬಾ ಇಷ್ಟಪಡುವ ಚಿತ್ರ. ಹೋಟೆಲಿನಲ್ಲಿ ನಾಜಿಗಳು ತಮ್ಮ ಹಾಡು ಶುರುಮಾಡುತ್ತಾರೆ. ಉಳಿದವರೆಲ್ಲ ಎದ್ದು ಫ್ರೆಂಚ್ ರಾಷ್ಟ್ರಗೀತೆ ಹಾಡಿ ಅವರ ಬಾಯಿ ಮುಚ್ಚಿಸುತ್ತಾರೆ. ಹಾಡಿದವರಲ್ಲಿ ನಿಜವಾಗಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ಹಾಡುವ ಮದ್‌ಲೀನ್ ಲೆಬೊ ಪ್ಯಾರಿಸ್ ಬಿಟ್ಟು ಓಡಿಬಂದವಳು. ನಾಜಿ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ಫೈಟ್ ನಾಜಿಗಳನ್ನು ಹೇಸಿ ಜರ್ಮನಿ ತೊರೆದವನು. ಅಲ್ಲಿ ಸುರಿಯುವ ಕಣ್ಣೀರು ನಟನೆಯ ಕಣ್ಣೀರಲ್ಲ. ಆದರೆ ಅದೇ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್‌ಳ ಪಾತ್ರ ಪಿಯಾನೋದವನನ್ನು ತೋರಿಸಿ, ಆ 'ಹುಡುಗ' ಯಾರು ಅಂತ ಕೇಳುತ್ತದೆ. ಬರ್ಗ್‌ಮನ್‌ಗೆ ಆಗ 26 ವರ್ಷ. 'ಹುಡುಗ' ಡೂಲಿ ವಿಲ್ಸನ್‌ಗೆ 56. ದಬ್ಬಾಳಿಕೆಯ ವಿರುದ್ಧ ಇಷ್ಟು ಚೆನ್ನಾಗಿ ಎದ್ದುನಿಲ್ಲುವ ಚಿತ್ರ, ಅಜ್ಜನ ವಯಸ್ಸಿಗೆ ಬಂದ ಕಪ್ಪು ಮನುಷ್ಯನನ್ನು ಹುಡುಗ ಅನ್ನುವಾಗ ಕಣ್ಣೂ ಮಿಟುಕಿಸುವುದಿಲ್ಲ. ನಾನು ಎರಡನ್ನೂ ನೋಡುತ್ತೇನೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈ 'ಹುಡುಗ' ಅನ್ನೋ ಪದ ನಮ್ಮ ನೆಲದವನೊಬ್ಬನಿಗೂ ಅಂಟಿಕೊಂಡಿತ್ತು. ಹಳೆಯ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಕಬಿನಿ ಕಾಡಿನ ಪಕ್ಕ, 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ತಂಡದವರು ಇಲ್ಲಿಗೆ ಬಂದಾಗ ಆನೆ ಲಾಯದಲ್ಲಿದ್ದ ಈ ಅನಾಥ ಹುಡುಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ಅದು ಬ್ರಿಟಿಷ್ ಚಿತ್ರ. ಅಲ್ಲಿಂದ ಮುಂದೆ ಹಾಲಿವುಡ್, 1942ರಲ್ಲಿ 'ಜಂಗಲ್ ಬುಕ್'ನ ಮೋಗ್ಲಿ. ತೆರೆಯ ಮೇಲೆ ಬರೀ 'ಸಾಬು' ಅಂತಲೇ ಹೆಸರು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಅಲ್ಲಿನ ವಾಯುಪಡೆಯಲ್ಲಿ ಯುದ್ಧವಿಮಾನದ ಬಾಲದ ಕಡೆ ಕೂತು ಬಂದೂಕು ಹಿಡಿದು ಪದಕ ಪಡೆದು ಬಂದ. ಬಂದಮೇಲೂ ಸಿಕ್ಕಿದ್ದು ಹೆಚ್ಚಾಗಿ ಕಾಡು, ಹುಲಿ, ಬರೀ ಮೈ. 1963ರಲ್ಲಿ, 39ನೇ ವಯಸ್ಸಿಗೇ, ಹೃದಯಾಘಾತದಿಂದ ತೀರಿಕೊಂಡ. ಸತ್ತ ಮೇಲೆ ತೆರೆಗೆ ಬಂದ ಕೊನೆಯ ಚಿತ್ರದಲ್ಲೂ ಹುಲಿಯೇ ಜೊತೆಗಾರ.

'ಎಲಿಫೆಂಟ್ ಬಾಯ್' ಕಥೆ ಕಿಪ್ಲಿಂಗ್‌ನದು. ಬಿಳಿಯ ದೊರೆ ದೊಡ್ಡವನು, ಕಂದು ಹುಡುಗ ನಂಬಿಗಸ್ತ, ಮತ್ತೇನೂ ಇಲ್ಲ. ಆದರೆ ಆ ಹುಡುಗ ಆನೆಯ ಮೈಮೇಲೆ ಕೈಯಾಡಿಸುವಾಗ, ಅದರ ಜೊತೆ ಮಾತಾಡುವಾಗ ಕಾಣುವ ಸಲಿಗೆ ಕಿಪ್ಲಿಂಗ್‌ಗೂ ಗೊತ್ತಿಲ್ಲ, ಫ್ಲಾಹರ್ಟಿಗೂ ಗೊತ್ತಿಲ್ಲ. ಅದನ್ನು ಕಲಿಸಿದ್ದು ಕಾರಾಪುರದ ಲಾಯ. ನಮ್ಮ ಹಳ್ಳಿ ಮೇಷ್ಟ್ರುಗಳು ಎಲ್ಲಾದರೂ ಈ ಚಿತ್ರ ಸಿಕ್ಕರೆ ಮಕ್ಕಳಿಗೆ ತೋರಿಸಲಿ. ದೊರೆ ಬರುವ ಜಾಗದಲ್ಲಿ ಮಕ್ಕಳು ಏನು ಕೇಳುತ್ತಾರೋ ಕೇಳಲಿ, ಮೇಷ್ಟ್ರು ಮಧ್ಯದಲ್ಲಿ ಚಿತ್ರ ನಿಲ್ಲಿಸಿ ಉತ್ತರ ಕೊಡಲಿ. ಆನೆ ಬಂದಾಗ ಮಾತ್ರ ನಿಲ್ಲಿಸುವುದು ಬೇಡ.